ಕಾವ್ಯದ ಬಸುರಿ, ಹಾಡಿನ ಬಸುರಿ

ನಮ್ಮ ಕಾವ್ಯಪರಂಪರೆಯಲ್ಲಿ ಗರ್ಭವತಿಯ ವರ್ಣನೆಗೆ ಒಂದು ಸಿದ್ಧವಾದ ಪಟ್ಟಿಯೇ ಇದೆ. ಮುಖ ಬಿಳುಪೇರಬೇಕು, ಮೊಲೆಯ ತೊಟ್ಟು ಕಪ್ಪಾಗಬೇಕು, ಹೊಟ್ಟೆಯ ಮೇಲಿನ ತ್ರಿವಳಿ ಅಳಿಯಬೇಕು, ನಡಿಗೆ ಅಲಸವಾಗಬೇಕು, ಮಣ್ಣಿನ ಮೇಲೆ ಮನಸ್ಸಾಗಬೇಕು. ರಘುವಂಶದ ಮೂರನೆಯ ಸರ್ಗದ ಸುದಕ್ಷಿಣೆಯಲ್ಲಿ ಇವುಗಳಲ್ಲಿ ಹೆಚ್ಚಿನವು ಕಾಣುತ್ತವೆ. ಈ ಪಟ್ಟಿ ಎಷ್ಟು ಆಳವಾಗಿ ಬೇರೂರಿತ್ತೆಂಬುದಕ್ಕೆ ಇನ್ನೊಂದು ಸಾಕ್ಷಿಯುಂಟು. ನಮ್ಮ ಶಿರಸಿ ಸೀಮೆಯ ಬನವಾಸಿಯನ್ನು ಮರೆಯಲಾರದ ಪಂಪ ೯೪೧ರ ತನ್ನ ಆದಿಪುರಾಣಕ್ಕೆ ಆಧಾರವಾಗಿಟ್ಟುಕೊಂಡದ್ದು ಜಿನಸೇನಾಚಾರ್ಯರ ಪೂರ್ವಪುರಾಣವನ್ನು. ಅಲ್ಲಿ ತೀರ್ಥಂಕರನನ್ನು ಹೊತ್ತ ಮರುದೇವಿಗೆ ಹೊಟ್ಟೆ ವಿಕಾರಗೊಳ್ಳಲಿಲ್ಲ, ತೊಟ್ಟು ಕಪ್ಪಾಗಲಿಲ್ಲ, ಮುಖ ಬಿಳುಪೇರಲಿಲ್ಲ. ಆದರೂ ಗರ್ಭ ಬೆಳೆದದ್ದೇ ಸೋಜಿಗ. ಇಲ್ಲವೆನ್ನುವುದಕ್ಕೂ ಅದೇ ಪಟ್ಟಿ ಬೇಕಾಯಿತು!

ಕವಿಗಳು ಕಂಡದ್ದು ಸುಳ್ಳೆಂದು ನಾನು ಹೇಳುತ್ತಿಲ್ಲ. ತೊಟ್ಟು ಕಪ್ಪಾಗುವುದು ನಿಜ. ಕೀಲುಗಳ ಕಟ್ಟು ಸಡಿಲಾಗಿ, ಭಾರ ಮುಂದಕ್ಕೆ ಬಂದು ನಡಿಗೆ ಬದಲಾಗುವುದೂ ನಿಜ. ಆದರೆ ಈ ಲಕ್ಷಣಗಳೆಲ್ಲ ಎದುರಿಗೆ ನಿಂತವನ ಕಣ್ಣಿಗೆ ಬೀಳುವಂಥವು. ತಿಂಗಳು ತಪ್ಪಿದ್ದು, ಬೆಳಗಿನ ಓಕರಿಕೆ, ಒಗ್ಗರಣೆಯ ಘಾಟಿಗೆ ಹೊಟ್ಟೆ ತೊಳಸುವುದು, ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುವುದು, ಇವು ಅವಳಿಗೇ ಮೊದಲು ಗೊತ್ತಾಗುವಂಥವು, ಪಟ್ಟಿಯಲ್ಲಿ ಇವಿಲ್ಲ. ಕಾಳಿದಾಸನ ದಿಲೀಪನಾದರೋ ರಸಿಕನೂ ಹೌದು, ಪ್ರೀತಿಯುಳ್ಳವನೂ ಹೌದು. ಲಜ್ಜೆಯಿಂದ ಆಕೆ ತನಗೆ ಏನನ್ನೂ ಹೇಳಳೆಂದು, ಏನು ಬೇಕೆಂಬುದನ್ನು ಸಖಿಯರಲ್ಲಿ ವಿಚಾರಿಸುತ್ತಾನೆ. ಮಣ್ಣಿನ ವಾಸನೆಯ ಆಕೆಯ ಮುಖವನ್ನು ಗುಟ್ಟಾಗಿ ಮೂಸಿ ತಣಿಯದೆ ಹೋಗುತ್ತಾನೆ. ಮಗ ಮುಂದೆ ಭೂಮಿಯನ್ನು ಭೋಗಿಸತಕ್ಕವನು, ಅದಕ್ಕಾಗಿ ತಾಯಿಗೆ ಮಣ್ಣಿನ ಮೇಲೆ ಆಸೆ ಎಂಬುದು ಕವಿಯ ಉತ್ಪ್ರೇಕ್ಷೆ.

ಈ ಭಾಗವನ್ನು ನಾನು ಶಿರಸಿಯ ತರಗತಿಯಲ್ಲಿ ಬಹಳ ಉತ್ಸಾಹದಿಂದ ಹೇಳುತ್ತಿದ್ದ ಕಾಲವೊಂದಿತ್ತು. ನನ್ನ ಮೊದಲ ಬಸುರಿನ ಮಳೆಗಾಲವೂ ಅದೇ. ಸಿದ್ದಾಪುರದ ಅತ್ತೆಮನೆಯ ಹಿತ್ತಲಗೋಡೆ ನೆನೆದರೆ ಸಾಕು, ಆ ಕೆಮ್ಮಣ್ಣಿನ ವಾಸನೆಗೆ ನನ್ನ ಬಾಯಲ್ಲಿ ನೀರೂರುತ್ತಿತ್ತು. ಕದ್ದು ತಿಂದದ್ದೂ ಉಂಟು. ನೆಂಟರು ‘ಮುಖ ಬೆಳ್ಳಗಾಗಿ ಕಳೆ ಬಂದಿದೆ’ ಎಂದರು. ನಾನೂ ನಂಬಿದೆ, ಲೋಧ್ರದ ಹೂವಿನ ಬಣ್ಣವನ್ನು ಪಾಠ ಹೇಳುವವಳಲ್ಲವೇ! ವೈದ್ಯೆ ಮಾತ್ರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ರಕ್ತಪರೀಕ್ಷೆಗೆ ಬರೆದರು. ಹಿಮೋಗ್ಲೋಬಿನ್ ೭.೮ ಗ್ರಾಂ. ಬಸುರಿಯಲ್ಲಿ ಅದು ೧೧ಕ್ಕಿಂತ ಕಡಿಮೆಯಾದರೆ, ನಡುವಿನ ಮೂರು ತಿಂಗಳಲ್ಲಿ ೧೦.೫ಕ್ಕಿಂತ ಕಡಿಮೆಯಾದರೆ, ರಕ್ತಹೀನತೆಯೆಂದು ಲೆಕ್ಕ. ರಕ್ತದ ನೀರಿನಂಶ ಕೆಂಪುಕಣಗಳಿಗಿಂತ ಬೇಗ ಹೆಚ್ಚುವುದರಿಂದ ಸ್ವಲ್ಪ ಇಳಿತ ಸಹಜ, ನನ್ನದು ಸಹಜದ್ದಲ್ಲ. ಮಣ್ಣಿನ ಬಯಕೆಯೂ ಕಬ್ಬಿಣದ ಕೊರತೆಯೂ ಎಷ್ಟೋ ಸಲ ಜೊತೆಯಾಗಿಯೇ ಇರುತ್ತವೆಂದು ಅವರು ಹೇಳಿದಾಗ ನನಗೆ ನೆನಪಾದದ್ದು ಸುದಕ್ಷಿಣೆ. ಬಿಳುಪೇರಿದ ಮುಖ, ಮಣ್ಣಿನ ವಾಸನೆಯ ಬಾಯಿ: ಶತಮಾನಗಳಿಂದ ನಾವು ಸೌಂದರ್ಯವೆಂದು ಓದಿಕೊಂಡು ಬಂದದ್ದರಲ್ಲಿ ಒಂದು ಕಾಯಿಲೆಯೂ ಅಡಗಿರಬಹುದು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ೧೦೦ಕ್ಕೆ ೫೨ ಮಂದಿ ರಕ್ತಹೀನರು.

ಆ ವರ್ಷವೇ ನನ್ನ ಬಯಕೆ ಊಟದಲ್ಲಿ ಅತ್ತೆಯವರು ಹಾಡಿದ ಹಾಡನ್ನು ಕಾವ್ಯವೆಂದು ನಾನು ಮೊದಲ ಬಾರಿಗೆ ಕೇಳಿದೆ. ಒಂದನೆಯ ತಿಂಗಳಿಂದ ಒಂಬತ್ತರವರೆಗೆ ಲೆಕ್ಕ ಹಿಡಿದು ಹೋಗುವ ಹಾಡು. ಇಲ್ಲಿ ಬಸುರಿ ಸಖಿಯರ ಮೂಲಕ ಮಾತಾಡುವವಳಲ್ಲ. ಅನ್ನ ಸೇರುವುದಿಲ್ಲವೆಂದು ತಾನೇ ಹೇಳುತ್ತಾಳೆ; ಅಪ್ಪೆಮಿಡಿ ಬೇಕು, ಕಂಚಿಕಾಯಿಯ ಹುಳಿ ಬೇಕು, ತವರಿಗೆ ಕಳುಹಿಸೆಂದು ಗಂಡನ ಮುಖ ನೋಡಿಯೇ ಕೇಳುತ್ತಾಳೆ. ಹಾಡಿನಲ್ಲಿ ಒಂದೂ ಉಪಮೆಯಿಲ್ಲ. ನಾಲಗೆ ಇದೆ, ಹೊಟ್ಟೆ ಇದೆ. ಸುಶ್ರುತ ಬಸುರಿಯನ್ನು ಎರಡು ಹೃದಯದವಳೆಂದು ಕರೆದು, ಬಯಕೆ ತೀರಿಸದಿದ್ದರೆ ಮಗುವಿಗೆ ಊನ ಬರುತ್ತದೆಂದು ಹೆದರಿಸಿದ. ಅತ್ತೆಯವರ ಹಾಡು ಆ ಗೊಡವೆಗೆ ಹೋಗದೆ ಬಯಕೆಯನ್ನು ಅವಳದೆಂದೇ ಒಪ್ಪುತ್ತದೆ.

ಹಾಗೆಂದು ಹಾಡನ್ನು ಹೊಗಳಿ ಕೂರಲಾರೆ. ಹೆರಿಗೆಯ ಭಯ ಅದರಲ್ಲೂ ಬಾಯಿಬಿಡುವುದಿಲ್ಲ; ಒಂಬತ್ತನೆಯ ತಿಂಗಳಿಗೆ ಬಳೆ, ಸೀರೆ, ತೊಟ್ಟಿಲೆಂದು ಅವಸರದಿಂದ ಮುಗಿಯುತ್ತದೆ. ಹಾಡುತ್ತಿದ್ದವರಲ್ಲಿ ಎಷ್ಟು ಮಂದಿ ಬಾಣಂತಿಯಾಗಿ ತೀರಿಕೊಂಡ ಅಕ್ಕತಂಗಿಯರನ್ನು ಕಂಡಿದ್ದರೋ! ಆದರೂ ೧೯೩೧ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಅಚ್ಚುಹಾಕಿಸಿದ ಮೇಲೆಯೂ ನಮ್ಮ ವಿಮರ್ಶೆ ಇಂಥ ಹಾಡನ್ನು ‘ಮಧುರ’, ‘ಮುಗ್ಧ’ ಎಂಬೆರಡು ವಿಶೇಷಣಗಳಲ್ಲಿ ಮುಗಿಸಿಬಿಡುವುದು ನನಗೆ ಸೋಮಾರಿತನವಾಗಿ ತೋರುತ್ತದೆ. ಉಪ್ಪಿನಕಾಯಿ ಕೇಳುವವಳಲ್ಲಿ ಮುಗ್ಧತೆ ಏನು ಬಂತು? ಓಕರಿಸಿ ಸೋತವಳು ಆಕೆ.

ಅತ್ತೆಯವರು ಇರುವಾಗಲೇ ಹಾಡನ್ನು ಬರೆದುಕೊಂಡೆ. ಆರನೆಯ ತಿಂಗಳ ನುಡಿ ಮಾತ್ರ ಅವರಿಗೆ ಮರೆತುಹೋಗಿತ್ತು. ನನ್ನ ತವರು ಯಲ್ಲಾಪುರದ ಕಡೆಯೂ ಇದೇ ಧಾಟಿಯಲ್ಲಿ ಹಾಡುತ್ತಿದ್ದ ನೆನಪು. ಆ ನುಡಿ ಬಲ್ಲ ಓದುಗರಿದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಬೇಕೆಂದು ಕೋರುತ್ತೇನೆ.