ಒಂದು ಕಾಲಾಳಿನ ಬೆಲೆ

ಈ ವಾರ ಆನೆ-ಕಾಲಾಳುಗಳ ಅಂತ್ಯದಾಟ ಬರೆಯುತ್ತೇನೆಂದು ಹೇಳಿದ್ದೆ. ಅದು ಮುಂದಿನ ವಾರಕ್ಕಿರಲಿ. ಅದಕ್ಕಿಂತ ತುರ್ತಿನ ಮಾತೊಂದಿದೆ: ಚೆಸ್ ಆರಂಭದಾಟವೆಂದರೆ ಎಲ್ಲಿ ನೋಡಿದರೂ ಲಂಡನ್ ಸಿಸ್ಟಂ ಆಗಿಬಿಟ್ಟಿದೆ. ಎದುರಾಳಿ ಏನೇ ಆಡಲಿ, ಡಿ4, ಒಂಟೆ ಎಫ್4, ಇ3, ಸಿ3. ಹತ್ತು ವರ್ಷದ ಮಕ್ಕಳಿಗೆ ಇದನ್ನು ಉರು ಹೊಡೆಸುವ ತರಬೇತಿಗೆ ನನ್ನ ವಿರೋಧ ಹಳೆಯದು. ಆ ವಯಸ್ಸಿನಲ್ಲಿ ಕಲಿಯಬೇಕಾದದ್ದು ಕಾಲಾಳು ಕೊಟ್ಟು ವೇಗ ಪಡೆಯುವುದನ್ನು.

ಸಾಕ್ಷಿಗೆ 1995ರ ರಿಗಾ, ತಾಲ್ ಸ್ಮಾರಕ ಟೂರ್ನಿ. ಬಿಳಿ ಕಾಸ್ಪರೋವ್, ಕಪ್ಪು ನಮ್ಮ ಆನಂದ್. ಇಟಾಲಿಯನ್ ಆಟದ ನಾಲ್ಕನೇ ನಡೆಗೆ ಬಿ4! ವೇಲ್ಸ್‌ನ ಹಡಗಿನ ಕ್ಯಾಪ್ಟನ್ ಎವಾನ್ಸ್ 1820ರ ದಶಕದಲ್ಲಿ ಆಡಿ ತೋರಿಸಿದ ಗ್ಯಾಂಬಿಟ್ ಅದು. ಅಗ್ರ ಆಟಗಾರರು ಅದನ್ನು ಕೈಬಿಟ್ಟು ಬಹಳ ಕಾಲವಾಗಿತ್ತು. ಆನಂದ್ ಕಾಲಾಳನ್ನು ತಿಂದು, ಒಂಟೆಯನ್ನು ಇ7ಕ್ಕೆ ಹಿಂದೆಗೆದು, ಕುದುರೆಯನ್ನು ಎ5ಕ್ಕೆ ಇಟ್ಟರು. ಕಾಸ್ಪರೋವ್ ತಮ್ಮ ಒಂಟೆಯನ್ನು ಇ2ಕ್ಕೆ ತಂದರು. ನೋಡಲು ಸಪ್ಪೆ ನಡೆ. ಆದರೆ ಮಂತ್ರಿ ಡಿ4ರಿಂದ ಎಚ್4ಕ್ಕೆ, ಅಲ್ಲಿಂದ ಜಿ3ಕ್ಕೆ ಜಿಗಿದು ಜಿ7ರ ಮೇಲೆ ಕಣ್ಣಿಟ್ಟಾಗ ಅದರ ಅರ್ಥ ಬಿಚ್ಚಿಕೊಂಡಿತು. 15ನೇ ನಡೆ ಒಂಟೆ ಎಚ್6: ಕಪ್ಪು ರಾಜನಿಗೆ ಕೋಟೆಯ ಬಾಗಿಲೇ ಮುಚ್ಚಿಹೋಯಿತು. ಆನಂದ್ ಇ5ರ ಕಾಲಾಳನ್ನೂ ತಿಂದರು. 25ನೇ ನಡೆಗೆ ಬಿಳಿಯ ಆನೆ ಇ1ಕ್ಕೆ ಬಂದಾಗ ಎರಡು ಕಾಲಾಳು ಹೆಚ್ಚಿದ್ದೂ ಸೋಲೊಪ್ಪಿಕೊಂಡರು. ರಾಜ ಎಫ್7ರಲ್ಲಿ ಬಯಲಿಗೆ ಬಿದ್ದಿದ್ದ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಹಿರಿಯರ ಹಳೆಯ ಚದುರಂಗದಲ್ಲಿ ಕಾಲಾಳಿಗೆ ಮೊದಲ ಹೆಜ್ಜೆಯಲ್ಲೂ ಒಂದೇ ಮನೆ. ಬಿ2ರಿಂದ ಬಿ4ಕ್ಕೆ ಒಂದೇ ನೆಗೆತದಲ್ಲಿ ಹೋಗುವುದೇ ಸಾಧ್ಯವಿಲ್ಲದ ಮೇಲೆ ಎವಾನ್ಸ್ ಗ್ಯಾಂಬಿಟ್ ಆ ಮಣೆಯ ಮೇಲೆ ಹುಟ್ಟುವಂತಿರಲಿಲ್ಲ. ಆ ಆಟದ ಸೊಗಸು ಬೇರೆ: ನಿಧಾನವಾಗಿ ವ್ಯೂಹ ಕಟ್ಟುವುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಇಳಿಸುವ ಬಂಧಗಳನ್ನು ರಚಿಸಿದರು. ಅಂಥ ತಾಳ್ಮೆ ನಮಗೆ ಮೊದಲಿಂದ ಇದೆ. ದಾಳಿಯನ್ನು ಮಾತ್ರ ಬೇರೆಯಾಗಿ ಕಲಿಯಬೇಕು.

ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ತೇಜ್‌ಕುಮಾರ್ ಆ ಪಟ್ಟ ಪಡೆದದ್ದು 2017ರಲ್ಲಿ, ಮೈಸೂರಿನಿಂದ. ಕೋಲಾರ ಸೀಮೆಯ ಸರದಿಯೂ ಬರಲಿ. ಹುತ್ತೂರು, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮೇಷ್ಟ್ರುಗಳೇ, ಈ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ರಿಗಾದ ಈ 25 ನಡೆಗಳನ್ನು ಮಣೆಯ ಮೇಲೆ ಆಡಿಸಿ. ಲಂಡನ್ ಆಮೇಲೆ ಕಲಿತರಾಯಿತು.