ಕೇಳಿದವರೂ ಉತ್ತರ ಹೇಳಬೇಕು

ನಮ್ಮ ಹಳ್ಳಿಗಳಲ್ಲಿ ಸರ್ವೆ ಎಂದರೆ ಇಂದಿಗೂ ಮೊದಲು ನೆನಪಾಗುವುದು ಜಮೀನಿನ ಅಳತೆ. ಫಾರಂ ಹಿಡಿದು ಬಂದವರು ಅಳತೆಯವರಲ್ಲ, ಅಭಿಪ್ರಾಯ ಕೇಳಲು ಬಂದವರು ಎಂದು ತಿಳಿದ ಮೇಲೆ ಜಗುಲಿಯಲ್ಲಿ ಕೂತ ಹಿರಿಯರಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: “ಹೋದ ಸಲಾನೂ ಬರ್ಕೊಂಡು ಹೋಗಿದ್ರಿ ಸಾರ್, ಏನಾಯ್ತು?” ದೇಶಕ್ಕೆ ಮೊದಲು ಯಾವುದು ಬೇಕು, ಹೊರಗಿನ ನೆರವು ಯಾವುದಕ್ಕೆ ಹೋಗಬೇಕು ಎಂದು ಜನರನ್ನು ಕೇಳುವ ಸಮೀಕ್ಷೆಗಳು ಕಳೆದ ಕೆಲವು ದಶಕಗಳಲ್ಲಿ ಜಗತ್ತಿನಾದ್ಯಂತ ಬೆಳೆದಿವೆ. ಅವುಗಳನ್ನು ತೂಗಿ ನೋಡಲು ಆ ಹಿರಿಯರ ಪ್ರಶ್ನೆಗಿಂತ ಒಳ್ಳೆಯ ತಕ್ಕಡಿ ನನಗೆ ಸಿಕ್ಕಿಲ್ಲ.

ಈ ಬಗೆಯ ಸಮೀಕ್ಷೆಗಳಲ್ಲಿ ಅತಿ ದೊಡ್ಡದು ವಿಶ್ವಸಂಸ್ಥೆ 2015ರವರೆಗೆ ಸುಮಾರು ಮೂರು ವರ್ಷ ನಡೆಸಿದ ‘ಮೈ ವರ್ಲ್ಡ್’. ಚೀಟಿಯ ಮೇಲೆ ಹದಿನಾರು ಸಾಲುಗಳು: ಒಳ್ಳೆಯ ಶಿಕ್ಷಣ, ಉತ್ತಮ ವೈದ್ಯಕೀಯ ಸೇವೆ, ಉದ್ಯೋಗ, ಪ್ರಾಮಾಣಿಕವಾದ ಮತ್ತು ಜನರಿಗೆ ಸ್ಪಂದಿಸುವ ಸರ್ಕಾರ, ಕೈಗೆಟುಕುವ ಪೌಷ್ಟಿಕ ಆಹಾರ, ಶುದ್ಧ ನೀರು ಮತ್ತು ಶೌಚಾಲಯ, ಅಪರಾಧಗಳಿಂದ ರಕ್ಷಣೆ, ರಸ್ತೆ, ವಿದ್ಯುತ್ತು, ಹೆಣ್ಣು ಗಂಡಿನ ಸಮಾನತೆ, ಕಾಡು ನದಿ ಸಮುದ್ರಗಳ ರಕ್ಷಣೆ, ಫೋನು ಮತ್ತು ಇಂಟರ್ನೆಟ್, ಹವಾಮಾನ ಬದಲಾವಣೆಯನ್ನು ತಡೆಯುವ ಕ್ರಮ ಇತ್ಯಾದಿ. ನಿಮಗೂ ನಿಮ್ಮ ಮನೆಯವರಿಗೂ ಇವುಗಳಲ್ಲಿ ಬಹುಮುಖ್ಯವಾದ ಆರನ್ನು ಆರಿಸಿ ಎಂದು ಕೇಳಲಾಯಿತು. ಸುಮಾರು 97 ಲಕ್ಷ ಜನ ಗುರುತು ಹಾಕಿದರು. ಮೊದಲ ಸ್ಥಾನ ಶಿಕ್ಷಣಕ್ಕೆ, ನಂತರ ಆರೋಗ್ಯಕ್ಕೆ, ಆಮೇಲೆ ಉದ್ಯೋಗಕ್ಕೆ ಬಂತು. ನಾಲ್ಕನೆಯದು ಪ್ರಾಮಾಣಿಕ ಸರ್ಕಾರ. ಕಟ್ಟಕಡೆಯ ಸಾಲಿನಲ್ಲಿ ನಿಂತದ್ದು ಹವಾಮಾನ ಬದಲಾವಣೆ.

ಈ ಪ್ರಯತ್ನಕ್ಕೆ ಸಲ್ಲಬೇಕಾದ ಗೌರವವನ್ನು ಮೊದಲು ಸಲ್ಲಿಸಬೇಕು. 2000ದ ನಂತರ ಜಗತ್ತಿನ ಮುಂದೆ ಇಟ್ಟ ಎಂಟು ‘ಸಹಸ್ರಮಾನ ಅಭಿವೃದ್ಧಿ ಗುರಿ’ಗಳನ್ನು ಬೆರಳೆಣಿಕೆಯ ಪರಿಣತರು ಕಚೇರಿಯೊಳಗೆ ಕೂತು ಪಟ್ಟಿ ಮಾಡಿದ್ದರು. ಬಡತನ ನೀಗುವ ಗುರಿಗಳನ್ನು ಬಡವರನ್ನು ಕೇಳದೆ ಬರೆಯಲಾಗಿತ್ತು. ಮುಂದಿನ ಪಟ್ಟಿ ಹಾಗಾಗಬಾರದು ಎಂಬ ವಿವೇಕದಿಂದ ‘ಮೈ ವರ್ಲ್ಡ್’ ಹುಟ್ಟಿತು. ಮತಗಳಲ್ಲಿ ಹೆಚ್ಚಿನ ಪಾಲು ಬಂದದ್ದು ಕಾಗದದ ಚೀಟಿಗಳಿಂದ. ಸ್ವಯಂಸೇವಕರು ಹಾಳೆ ಪೆನ್ನು ಹಿಡಿದು ಊರೂರು ಸುತ್ತಿದರು. ಫಲವೂ ಇಲ್ಲದಿಲ್ಲ. ಹಳೆಯ ಎಂಟು ಗುರಿಗಳಲ್ಲಿ ಒಳ್ಳೆಯ ಆಡಳಿತಕ್ಕೆ ಪ್ರತ್ಯೇಕ ಜಾಗವೇ ಇರಲಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ನ್ಯಾಯ ಮತ್ತು ಸಂಸ್ಥೆಗಳ ಬಗ್ಗೆ ಹದಿನಾರನೆಯದು ಬಂತು. ಈ ಸಮೀಕ್ಷೆಯಿಂದಲೇ ಬಂತು ಎನ್ನಲಾಗದು. ಆದರೆ ಅದಕ್ಕಾಗಿ ವಾದಿಸಿದವರ ಕೈಯಲ್ಲಿ ಲಕ್ಷಾಂತರ ಜನರ ಗುರುತು ಇತ್ತು ಎಂಬುದು ಸಣ್ಣ ಮಾತಲ್ಲ.

ನನ್ನ ತಕರಾರು ಶುರುವಾಗುವುದು ಆ 97 ಲಕ್ಷ ಎಂಬ ಸಂಖ್ಯೆಯಿಂದ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಎನ್ನುತ್ತೇವೆ. ಆದರೆ ಅಡುಗೆ ಬಲ್ಲವರು ಆ ಅಗುಳನ್ನು ಮೇಲಿನಿಂದ ತೆಗೆಯುವುದಿಲ್ಲ, ಸೌಟನ್ನು ತಳಕ್ಕಿಳಿಸಿ ತೆಗೆಯುತ್ತಾರೆ. ‘ಮೈ ವರ್ಲ್ಡ್’ನಲ್ಲಿ ಯಾರು ಬಂದರೋ ಅವರ ಮತ, ಸ್ವಯಂಸೇವಕರು ಎಲ್ಲಿ ಹೋದರೋ ಅಲ್ಲಿನ ಮತ. ಉತ್ತರಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೂವತ್ತರೊಳಗಿನವರು. ಓದುವ ವಯಸ್ಸಿನವರನ್ನು ಹೆಚ್ಚು ಕೇಳಿದರೆ ಶಿಕ್ಷಣ ಮೇಲೆ ಬರುವುದರಲ್ಲಿ ಆಶ್ಚರ್ಯವೇನಿದೆ? 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಚೀಟಿ ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಅದನ್ನು ನಂಬಿ, ಆ ವರ್ಷದ ಚುನಾವಣೆಯಲ್ಲಿ ಲ್ಯಾಂಡನ್ ಅಧ್ಯಕ್ಷರಾಗುತ್ತಾರೆ ಎಂದು ಬರೆಯಿತು. ರೂಸ್‌ವೆಲ್ಟ್ 48 ರಾಜ್ಯಗಳ ಪೈಕಿ 46ರಲ್ಲಿ ಗೆದ್ದರು. ಚೀಟಿ ಹೋದ ವಿಳಾಸಗಳು ಬಹುಪಾಲು ಟೆಲಿಫೋನು, ಕಾರು ಇದ್ದವರವು. ಎಷ್ಟು ಜನರನ್ನು ಕೇಳಿದೆವು ಎನ್ನುವುದಕ್ಕಿಂತ ಯಾರನ್ನು ಕೇಳದೆ ಬಿಟ್ಟೆವು ಎನ್ನುವುದೇ ದೊಡ್ಡ ವಿಷಯ ಎಂದು ಜಗತ್ತು ಆಗಲೇ ಕಲಿತಿತ್ತು.

ಇದಕ್ಕಿಂತ ಆಳದ ದೋಷ ಪ್ರಶ್ನೆಯ ಕಟ್ಟಿನಲ್ಲೇ ಇದೆ. ಹದಿನಾರರಲ್ಲಿ ಆರು ಎಂದಾಗ ಉಳಿದ ಹತ್ತು ಬೇಡ ಎಂದು ಯಾರೂ ಹೇಳಿರುವುದಿಲ್ಲ, ಗುರುತು ಹಾಕಲು ಜಾಗ ಇರುವುದಿಲ್ಲ, ಅಷ್ಟೆ. ಆದರೂ ಹವಾಮಾನಕ್ಕೆ ಕೊನೆಯ ಸ್ಥಾನ ಬಂತೆಂಬುದನ್ನು ಹಿಡಿದುಕೊಂಡು, ಜಗತ್ತಿನ ಬಡವರ ಆದ್ಯತೆಗಳಲ್ಲಿ ಅದು ಕಟ್ಟಕಡೆಯದು ಎಂದು ಬ್ಯೋರ್ನ್ ಲೊಂಬೋರ್ಗ್ ಅವರಂಥ ಲೇಖಕರು ವರ್ಷಗಟ್ಟಲೆ ವಾದಿಸಿದರು. ಅದೇ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 2024ರಲ್ಲಿ 77 ದೇಶಗಳಲ್ಲಿ ದೂರವಾಣಿ ಸಂಖ್ಯೆಗಳನ್ನು ಯಾದೃಚ್ಛಿಕವಾಗಿ ಆರಿಸಿ 73,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿತು. ನಿಮ್ಮ ದೇಶ ಹವಾಮಾನದ ವಿಷಯದಲ್ಲಿ ಇನ್ನೂ ಗಟ್ಟಿಯಾದ ಕ್ರಮ ಕೈಗೊಳ್ಳಬೇಕೇ ಎಂದು ಕೇಳಿದಾಗ ಶೇ. 80ರಷ್ಟು ಮಂದಿ ಹೌದೆಂದರು. ಹತ್ತು ವರ್ಷಗಳಲ್ಲಿ ಜನರ ಅನುಭವವೂ ಬದಲಾಗಿದೆ, ನಿಜ. ಆದರೆ ಕಡೆಯ ಸ್ಥಾನದಿಂದ ಈ ಮಟ್ಟಕ್ಕೆ ಬಂದದ್ದರಲ್ಲಿ ದೊಡ್ಡ ಪಾಲು ಪ್ರಶ್ನೆಯನ್ನು ಇಟ್ಟ ರೀತಿಯದು.

ಪಟ್ಟಿ ಎಂಬುದು ಬದುಕನ್ನು ಹೋಳು ಮಾಡುತ್ತದೆ. ಮೈಲಿಗಟ್ಟಲೆ ದೂರದಿಂದ ನೀರು ಹೊರುವ ಮನೆಯ ತಾಯಿಯನ್ನು ನೆನೆಯಿರಿ. ಅವಳು ನೀರಿಗೆ ಗುರುತು ಹಾಕುವುದು ಮಗಳು ಕೊಡ ಬಿಟ್ಟು ಶಾಲೆಗೆ ಹೋಗಲಿ ಎಂದಿರಬಹುದು. ಶೌಚಾಲಯಕ್ಕೆ ಹಾಕುವುದು ಕತ್ತಲಲ್ಲಿ ಹೊರಗೆ ಹೋಗುವ ಭಯಕ್ಕಿರಬಹುದು. ಎಣಿಸುವವರ ಲೆಕ್ಕದಲ್ಲಿ ಮೊದಲನೆಯದು ಶಿಕ್ಷಣಕ್ಕೆ ಸೇರುವುದಿಲ್ಲ, ಎರಡನೆಯದು ರಕ್ಷಣೆಗೆ ಸೇರುವುದಿಲ್ಲ. ರಾಯಚೂರಿನ ಒಣಭೂಮಿಯ ರೈತನಿಗೆ ‘ಹವಾಮಾನ ಬದಲಾವಣೆ’ ಸರ್ಕಾರಿ ಭಾಷೆಯ ಮಾತು. ಮಳೆ ಕೈಕೊಟ್ಟಿತು, ಬಿತ್ತಿದ್ದು ಒಣಗಿತು, ಬೋರು ಬತ್ತಿತು ಎಂಬುದು ಅವನ ಮಾತು. ಅವನ ಚೀಟಿಯಲ್ಲಿ ಆಹಾರ, ನೀರು, ಉದ್ಯೋಗ ಮೂರಕ್ಕೂ ಗುರುತಿದ್ದು ಹವಾಮಾನದ ಮುಂದೆ ಖಾಲಿ ಇದ್ದರೆ, ಅವನಿಗೆ ಹವಾಮಾನದ ಚಿಂತೆಯಿಲ್ಲ ಎಂದು ಓದುವುದು ಅವನ ಮಾತನ್ನು ತಿರುಚಿದಂತೆ.

ಕೇಳುವವರೇ ಕೊಡುವವರೂ ಆದಾಗ ಉತ್ತರ ಇನ್ನಷ್ಟು ಬಾಗುತ್ತದೆ. ಇದರ ಚರಿತ್ರೆಯ ಒಂದು ಎಳೆ ನಮ್ಮ ನಾಡಿನಲ್ಲೇ ಇದೆ. 1951–52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಅಂದಿನ ಮೈಸೂರು ರಾಜ್ಯದಲ್ಲಿ, ಬೆಂಗಳೂರು ನಗರವನ್ನೂ ಹಳ್ಳಿಗಳನ್ನೂ ಒಳಗೊಂಡು ಜನಸಂಖ್ಯಾ ಸಮೀಕ್ಷೆ ನಡೆಸಿದವು. 1961ರಲ್ಲಿ ವರದಿ ಪ್ರಕಟವಾಯಿತು. ಎಷ್ಟು ಮಕ್ಕಳಿರಬೇಕು, ಕುಟುಂಬ ಮಿತವಾಗಿರಬೇಕೇ ಎಂಬ ಬಗ್ಗೆ ದಂಪತಿಗಳ ಮನಸ್ಸನ್ನು ಅದು ವಿಚಾರಿಸಿತ್ತು. ಐವತ್ತರ ದಶಕದಲ್ಲೇ ಪಂಜಾಬಿನ ಲುಧಿಯಾನಾ ಜಿಲ್ಲೆಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದವರು ಖನ್ನಾ ಅಧ್ಯಯನ ಎಂದು ಹೆಸರಾದ ಪ್ರಯೋಗ ನಡೆಸಿ, ಹಳ್ಳಿಯವರಿಗೆ ಗರ್ಭನಿರೋಧಕ ಮಾತ್ರೆ ಹಂಚಿದರು. ಹೆಚ್ಚಿನವರು ಒಪ್ಪಿ ಇಸಿದುಕೊಂಡರು ಎಂದು ಕಾಗದ ಹೇಳಿತು. ನಂತರ ಅಲ್ಲಿನ ಮನೂಪುರ ಗ್ರಾಮಕ್ಕೆ ಹೋದ ಸಂಶೋಧಕ ಮಹಮೂದ್ ಮಮ್ದಾನಿ 1972ರ ತಮ್ಮ ಪುಸ್ತಕದಲ್ಲಿ ಬೇರೆಯೇ ಸಂಗತಿ ಹೇಳಿದರು. ಅಷ್ಟು ದೂರದಿಂದ ಬಂದ ಒಳ್ಳೆಯ ಜನರ ಮುಖ ಮುರಿಯಬಾರದೆಂದು ಎಷ್ಟೋ ಮಂದಿ ಮಾತ್ರೆ ತೆಗೆದುಕೊಂಡಿದ್ದರು, ಬಳಸಿರಲಿಲ್ಲ. ದುಡಿಯುವ ಕೈಗಳೇ ಆಸ್ತಿಯಾಗಿದ್ದ ಮನೆಗೆ ಮಕ್ಕಳು ಏಕೆ ಬೇಕು ಎಂಬುದನ್ನು ಫಾರಂ ಕೇಳಿರಲಿಲ್ಲ. ಮನೆಗೆ ಬಂದವರಿಗೆ ಇಲ್ಲವೆನ್ನದ ನಮ್ಮ ದಾಕ್ಷಿಣ್ಯ ಎಷ್ಟೋ ವರದಿಗಳಲ್ಲಿ ಸಮ್ಮತಿಯಾಗಿ ದಾಖಲಾಗಿರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ವಿಶ್ವಬ್ಯಾಂಕ್ ತನ್ನ ಸಾಲ ಪಡೆಯುವ ದೇಶಗಳಲ್ಲಿ ಕೆಲವು ವರ್ಷಗಳಿಗೊಮ್ಮೆ ಇನ್ನೊಂದು ಬಗೆಯ ಸಮೀಕ್ಷೆ ನಡೆಸುತ್ತದೆ. ದೇಶದ ಅಭಿವೃದ್ಧಿಯಲ್ಲಿ ಯಾವುದಕ್ಕೆ ಆದ್ಯತೆ, ಬ್ಯಾಂಕಿನ ನೆರವು ಎಷ್ಟು ಉಪಯುಕ್ತ, ಅದರ ದೌರ್ಬಲ್ಯವೇನು ಎಂದು ನೇರವಾಗಿ ಕೇಳುತ್ತದೆ, ಫಲಿತಾಂಶವನ್ನು ಪ್ರಕಟಿಸುತ್ತದೆ. ಈ ಎರಡೂ ಮೆಚ್ಚತಕ್ಕವು. ಆದರೆ ಉತ್ತರಿಸುವವರು ಮಂತ್ರಿಗಳ ಕಚೇರಿಯವರು, ಅಧಿಕಾರಿಗಳು, ಇತರ ನೆರವು ಸಂಸ್ಥೆಗಳವರು, ಉದ್ಯಮಿಗಳು, ಪತ್ರಕರ್ತರು, ಪ್ರಾಧ್ಯಾಪಕರು. ಇದು ಸಂಬಂಧಪಟ್ಟವರ ಅಭಿಪ್ರಾಯ ಎಂದು ಬ್ಯಾಂಕೂ ಮುಚ್ಚಿಡುವುದಿಲ್ಲ. ಆದರೆ ಸಂಬಂಧಪಟ್ಟವರೆಂದರೆ ಯಾರು? ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ಬಡಾವಣೆಗಳಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ದಿನದ 24 ಗಂಟೆ ನೀರು ಕೊಡುವ ಯೋಜನೆ ನಡೆಯಿತು. ಆ ನಲ್ಲಿಯ ಮುಂದಿನ ಹೆಂಗಸಿಗೂ, ಪಕ್ಕದ ಬಡಾವಣೆಯಲ್ಲಿ ವಾರಗಟ್ಟಲೆ ನೀರಿಗೆ ಕಾದವಳಿಗೂ ಆ ಯೋಜನೆಯ ಬಗ್ಗೆ ಹೇಳಲು ಇರುವಷ್ಟು ಮಾತು ಬೇರೆ ಯಾರಿಗೂ ಇರಲಾರದು. ಅವರಿಬ್ಬರೂ ಆ ಪಟ್ಟಿಯಲ್ಲಿಲ್ಲ.

ನೆರವು ಕೊಡುವ ದೇಶಗಳ ಪ್ರಜೆಗಳನ್ನು ಕೇಳುವಾಗಲೂ ಕೊರತೆ ಕಡಿಮೆಯಿಲ್ಲ. ತಮ್ಮ ದೇಶದ ಕೇಂದ್ರ ಬಜೆಟ್ಟಿನಲ್ಲಿ ವಿದೇಶಿ ನೆರವಿಗೆ ಎಷ್ಟು ಪಾಲು ಹೋಗುತ್ತದೆ ಎಂದು ಅಮೆರಿಕನ್ನರನ್ನು ಕೇಳಿದಾಗಲೆಲ್ಲ ಸರಾಸರಿ ಉತ್ತರ ಕಾಲು ಭಾಗದ ಆಸುಪಾಸು ಬಂದಿದೆ. ನಿಜವಾಗಿ ಅದು ಶೇ. 1ರ ಆಚೀಚೆ. ನಿಜವಾದ ಪಾಲನ್ನು ತಿಳಿಸಿ ಮತ್ತೆ ಕೇಳಿದರೆ, ನೆರವು ಅತಿಯಾಯಿತು ಎನ್ನುವವರ ಸಂಖ್ಯೆ ಗಣನೀಯವಾಗಿ ಇಳಿಯುತ್ತದೆ. ಹಾಗಾದರೆ ‘ನೆರವು ಹೆಚ್ಚಾಯಿತೇ’ ಎಂಬ ಬರೀ ಪ್ರಶ್ನೆಗೆ ಬಂದ ಉತ್ತರವನ್ನು ಜನಾಭಿಪ್ರಾಯ ಎನ್ನಬೇಕೋ, ತಪ್ಪು ತಿಳಿವಳಿಕೆಯ ಅಳತೆ ಎನ್ನಬೇಕೋ? 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿಯಿತು. ಜುಲೈ ಹೊತ್ತಿಗೆ ಅದರ ನೆರವು ಸಂಸ್ಥೆ ಯುಎಸ್‌ಏಡ್ ಬಾಗಿಲು ಹಾಕಿತು. ಔಷಧ, ಆಹಾರ, ಲಸಿಕೆಗೆ ಆ ಹಣವನ್ನೇ ನೆಚ್ಚಿದ್ದ ಊರುಗಳು ಆಫ್ರಿಕಾದಲ್ಲೂ ಅದರಾಚೆಗೂ ಇದ್ದವು. ನೆರವು ನಿಲ್ಲಿಸುವ ತೀರ್ಮಾನಕ್ಕೆ ರಾಜಕೀಯ ಕಾರಣಗಳು ಹಲವು. ಆದರೆ ದಶಕಗಟ್ಟಲೆ ಬೇರೂರಿದ್ದ ಆ ‘ಕಾಲು ಭಾಗ’ದ ನಂಬಿಕೆ ಅದಕ್ಕೆ ನೆಲ ಹದ ಮಾಡಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಮಾಹಿತಿ ಕೊಡದೆ ಕೇಳುವುದು ಇಂಥ ಕಡೆ ನಿರಪಾಯದ ಕೆಲಸವಲ್ಲ.

ಹಾಗಾದರೆ ಚೆನ್ನಾಗಿ ಕೇಳುವುದು ಹೇಗೆ? ನನ್ನ ಮುಂದೆ ಎರಡು ಮಾದರಿಗಳಿವೆ. ಒಂದು, ದೀಪಾ ನಾರಾಯಣ್ ನೇತೃತ್ವದಲ್ಲಿ ವಿಶ್ವಬ್ಯಾಂಕೇ ನಡೆಸಿ 2000ದಿಂದ ಪ್ರಕಟಿಸಿದ ‘ವಾಯ್ಸಸ್ ಆಫ್ ದ ಪೂರ್’. 60 ದೇಶಗಳ 60,000ಕ್ಕೂ ಹೆಚ್ಚು ಬಡವರ ಮಾತುಗಳು ಅದರಲ್ಲಿವೆ. ಅಲ್ಲಿ ಪಟ್ಟಿಯಿಂದ ಆರಿಸಿ ಎಂದು ಹೇಳದೆ, ನೆಮ್ಮದಿ ಎಂದರೆ ನಿಮಗೆ ಏನು ಎಂದು ಕೇಳಿ ಕೂತರು. ಆಗ ಹೊರಬಿದ್ದದ್ದು ಹಣದ ಕೊರತೆಯಷ್ಟೇ ಅಲ್ಲ. ಕಚೇರಿಯಲ್ಲಿ ಆಗುವ ಅವಮಾನ, ಪೊಲೀಸರ ಭಯ, ಆಡಿದ ಮಾತಿಗೆ ಬೆಲೆ ಇಲ್ಲದಿರುವುದು. ಯಾವ ಹದಿನಾರು ಸಾಲಿನ ಚೀಟಿಯಲ್ಲೂ ಅವಮಾನಕ್ಕೆ ಒಂದು ಸಾಲು ಇರುವುದಿಲ್ಲ.

ಇನ್ನೊಂದು ಮಾದರಿ ಬೆಂಗಳೂರಿನದು. 1993ರಲ್ಲಿ ಸ್ಯಾಮ್ಯುಯೆಲ್ ಪಾಲ್ ಮತ್ತು ಸಂಗಡಿಗರು ನಗರದ ಮಧ್ಯಮ ವರ್ಗದ ಮನೆಗಳಲ್ಲೂ ಕೊಳೆಗೇರಿಗಳಲ್ಲೂ ಓಡಾಡಿ, ನೀರು, ವಿದ್ಯುತ್ತು, ನಗರಪಾಲಿಕೆ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಮೊದಲಾದ ಕಚೇರಿಗಳ ಸೇವೆ ಹೇಗಿದೆ ಎಂದು ವಿಚಾರಿಸಿದರು. ದೇಶದ ಆದ್ಯತೆ ಯಾವುದು ಎಂದು ಕೇಳಲಿಲ್ಲ. ಕೆಲಸಕ್ಕೆಂದು ಹೋದಿರಾ, ಎಷ್ಟು ಸಲ ಅಲೆದಿರಿ, ಲಂಚ ಕೊಡಬೇಕಾಯಿತೇ, ಆದ ಕೆಲಸ ತೃಪ್ತಿ ತಂದಿತೇ ಎಂದು ಕೇಳಿದರು. ಮಕ್ಕಳಿಗೆ ಅಂಕಪಟ್ಟಿ ಕೊಡುವಂತೆ ಕಚೇರಿಗಳಿಗೆ ನಾಗರಿಕರ ಅಂಕಪಟ್ಟಿ ಸಿದ್ಧವಾಗಿ 1994ರಲ್ಲಿ ಪತ್ರಿಕೆಗಳಲ್ಲಿ ಬಂತು. ಅತಿ ಕಡಿಮೆ ಅಂಕ ಬಿಡಿಎಗೆ. ಮೊದಲು ಮಾತುಕತೆಗೆ ಮುಂದೆ ಬಂದದ್ದೂ ಅದೇ. ಇಷ್ಟಕ್ಕೆ ನಿಲ್ಲಿಸಿದ್ದರೆ ಅದೂ ಒಂದು ವರದಿಯಾಗಿ ಕಪಾಟು ಸೇರುತ್ತಿತ್ತು. 1999ರಲ್ಲಿ ಪಾಲ್ ಅವರ ಸಂಸ್ಥೆ ಪಬ್ಲಿಕ್ ಅಫೇರ್ಸ್ ಸೆಂಟರ್ ಅದೇ ಪ್ರಶ್ನೆಗಳನ್ನು ಹಿಡಿದು ಮತ್ತೆ ಹೋಯಿತು, ಸುಧಾರಣೆ ಅಲ್ಪ ಎಂದು ಕಂಡಿತು. 2003ರಲ್ಲಿ ಮೂರನೆಯ ಸಲ ಹೋದಾಗ ಹಲವು ಕಚೇರಿಗಳ ಅಂಕ ಗಮನಾರ್ಹವಾಗಿ ಏರಿತ್ತು. ಇದರಲ್ಲಿ ಸರ್ಕಾರದ ಪ್ರಯತ್ನದ ಪಾಲೂ ಇದೆ. ಆದರೆ ಹೋದ ಸಲ ಹೇಳಿದ್ದು ಏನಾಯಿತು ಎಂಬುದಕ್ಕೆ ಕೇಳಿದವರ ಬಳಿ ಉತ್ತರ ಇತ್ತು. ನನಗೆ ಮುಖ್ಯವಾಗಿ ಕಾಣುವುದು ಅದೇ.

ಈ ಅಂಕಪಟ್ಟಿಗೂ ಮಿತಿಯಿದೆ. ಇರುವ ಸೇವೆಗೆ ಅಂಕ ಕೊಡಬಹುದು, ಇನ್ನೂ ಬಾರದ ಸೇವೆಗೆ ಕೊಡಲಾಗದು. ನೀರಿಗೋ ಆಸ್ಪತ್ರೆಗೋ ಎಂಬ ಹಂಚಿಕೆಯ ಪ್ರಶ್ನೆ ಉಳಿದೇ ಉಳಿಯುತ್ತದೆ. ಆ ಪ್ರಶ್ನೆಯನ್ನು ಜನರ ಮುಂದೆ ಇಡುವುದಾದರೆ ಲೆಕ್ಕದ ಪುಸ್ತಕವನ್ನೂ ಜೊತೆಗೆ ಇಡಬೇಕು. ಇಷ್ಟು ಹಣವಿದೆ, ಇದು ಸಾಲ, ಇದು ದಾನ, ತೀರಿಸಬೇಕಾದವರು ನಿಮ್ಮ ಮಕ್ಕಳು, ಇದನ್ನು ಇಲ್ಲಿಗೆ ಹಾಕಿದರೆ ಅದು ತಡವಾಗುತ್ತದೆ ಎಂದು ತಿಳಿಸಿ ಕೇಳಬೇಕು. ಮನೆಯೊಡತಿ ಸಂಬಳದ ದಿನ ಮಾಡುವ ಲೆಕ್ಕವೂ ಇದೇ. ಅಂಥ ತೀರ್ಮಾನಕ್ಕೆ ಬೇಕಾದ ವಿವೇಕ ಬಡವರಲ್ಲಿ ಧಾರಾಳವಾಗಿದೆ, ಲೆಕ್ಕದ ಪುಸ್ತಕವನ್ನು ಮಾತ್ರ ಅವರಿಗೆ ತೋರಿಸುವುದಿಲ್ಲ.

ಆದ್ದರಿಂದ ಅಭಿವೃದ್ಧಿಯ ಸಮೀಕ್ಷೆಗಳನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಕೇಳದೆ ಬರೆದ ಎಂಟು ಗುರಿಗಳ ಕಾಲಕ್ಕೆ ಹಿಂದಿರುಗುವುದು ಯಾರಿಗೂ ಒಳ್ಳೆಯದಲ್ಲ. ‘ಮೈ ವರ್ಲ್ಡ್’ ಜನರ ಬಾಗಿಲು ತಟ್ಟಿತು, ಅದು ಅದರ ಹಿರಿಮೆ. ಗುರುತು ಹಾಕಿಸಿಕೊಂಡು ಹೊರಟವರಲ್ಲಿ ಹೆಚ್ಚಿನವರು ಅದೇ ಬಾಗಿಲಿಗೆ ಮರಳಿ ಬರಲಿಲ್ಲ, ಅದು ಅದರ ಸೋಲು. ಇನ್ನು ಮುಂದೆ ನೆರವಿನ ಹಣದಲ್ಲಿ ನಡೆಯುವ ಪ್ರತಿ ಸಮೀಕ್ಷೆಯ ಖರ್ಚಿನಲ್ಲೇ ಎರಡನೆಯ ಭೇಟಿಯ ಖರ್ಚೂ ಸೇರಿರಬೇಕು. ಹೋದ ಸಲದ ಫಾರಂ ಕೈಯಲ್ಲಿ ಹಿಡಿದು ಹೋಗಬೇಕು: ನೀವು ಇದನ್ನು ಕೇಳಿದ್ದಿರಿ, ಇಷ್ಟು ಆಯಿತು, ಇದು ಆಗಲಿಲ್ಲ, ಆಗದಿದ್ದುದಕ್ಕೆ ಕಾರಣ ಇದು ಎಂದು ಅವರ ಭಾಷೆಯಲ್ಲಿ ಹೇಳಬೇಕು. ಅಷ್ಟನ್ನು ಹೇಳಿ ಮುಗಿಸಿದ ಮೇಲೆ ಹೊಸ ಹಾಳೆ ತೆಗೆಯಲಿ. ಆಗ ಜಗುಲಿಯ ಹಿರಿಯರು ಸ್ವಲ್ಪ ಸರಿದು, ಕೂತ್ಕೊಳಿ ಸಾರ್, ಬರ್ಕೊಳಿ ಎಂದಾರು.