ಕಂಠ ಮತ್ತು ಯಂತ್ರ: ಮುಂಬಯಿಯ ಧ್ವನಿಮುದ್ರಣ ಚರಿತ್ರೆ ಎತ್ತುವ ಕೆಲವು ಪ್ರಶ್ನೆಗಳು

ಹಿಂದುಸ್ತಾನಿ ಸಂಗೀತವನ್ನು ಕುರಿತ ಕನ್ನಡ ವಿಮರ್ಶೆಯು ಘರಾಣೆ, ಗುರುಪರಂಪರೆ, ರಾಗನಿರ್ವಹಣೆಗಳನ್ನು ವಿಸ್ತಾರವಾಗಿ ಚರ್ಚಿಸಿದೆ. ಆದರೆ ಆ ಸಂಗೀತವು ಬಹುಪಾಲು ಕೇಳುಗರನ್ನು ತಲುಪಿದ್ದು ಧ್ವನಿಮುದ್ರಿಕೆ, ಆಕಾಶವಾಣಿ ಹಾಗೂ ದೂರದರ್ಶನಗಳ ಮೂಲಕ ಎಂಬ ಸಂಗತಿ ಅದರ ಚೌಕಟ್ಟಿನೊಳಗೆ ಅಷ್ಟಾಗಿ ಪ್ರವೇಶಿಸಿಲ್ಲ. ಧಾರವಾಡ ಸೀಮೆಯ ಗಾಯಕರಿಗೂ ಮುಂಬಯಿಯ ಧ್ವನಿಮುದ್ರಣ ಕೇಂದ್ರಗಳಿಗೂ ಇದ್ದ ನಂಟನ್ನು ಗಮನಿಸಿದರೆ ಈ ಕೊರತೆ ಸ್ಪಷ್ಟವಾಗುತ್ತದೆ.

ಗಂಗೂಬಾಯಿ ಹಾನಗಲ್ ಅವರ ನಿದರ್ಶನವನ್ನೇ ನೋಡಬಹುದು. 1930ರ ದಶಕದಲ್ಲಿ ಅವರ ಗಾಯನ ಹಿಸ್ ಮಾಸ್ಟರ್ಸ್ ವಾಯ್ಸ್ ಮುದ್ರಿಕೆಗಳಲ್ಲಿ 'ಗಾಂಧಾರಿ' ಎಂಬ ಹೆಸರಿನಿಂದ ಹೊರಬಂದಿತು. ಅಲ್ಲಿನ ತೆಳುವಾದ, ಎತ್ತರದ ದನಿಗೂ ನಾವು ನಂತರ ಕೇಳಿದ ಗಂಭೀರ ಕಂಠಕ್ಕೂ ಅಪಾರ ಅಂತರವಿದೆ. ಗಂಟಲಿನ ಶಸ್ತ್ರಚಿಕಿತ್ಸೆಯೇ ಇದಕ್ಕೆ ಕಾರಣವೆಂಬುದು ರೂಢಿಯ ವಿವರಣೆ. ಅದು ನಿರಾಧಾರವಲ್ಲ. ಆದರೆ ಆ ಕಾಲದ ಮುದ್ರಿಕೆಗಳು ದನಿಯ ತೀರ ಕೆಳಗಿನ ಹಾಗೂ ಮೇಲಿನ ಕಂಪನಗಳನ್ನು ಪೂರ್ತಿಯಾಗಿ ಹಿಡಿಯುತ್ತಿರಲಿಲ್ಲ. ತಿರುಗುವ ವೇಗವೂ ಯಾವಾಗಲೂ ನಿಖರವಾಗಿರುತ್ತಿರಲಿಲ್ಲ. ನಿಮಿಷಕ್ಕೆ 76 ಸುತ್ತಿನಲ್ಲಿ ಮುದ್ರಿಸಿದ್ದನ್ನು 78 ಸುತ್ತಿನಲ್ಲಿ ನುಡಿಸಿದರೆ, ಷಡ್ಜದಿಂದ ಕೋಮಲ ರಿಷಭಕ್ಕಿರುವ ಅಂತರದ ಸುಮಾರು ಅರ್ಧದಷ್ಟು ಶ್ರುತಿ ಏರುತ್ತದೆ. ಕಂಠದ ಬದಲಾವಣೆ ಇದಕ್ಕಿಂತ ದೊಡ್ಡದು, ನಿಜ. ಆದರೂ ಕಂಠದ್ದೆಷ್ಟು, ಯಂತ್ರದ್ದೆಷ್ಟು ಎಂಬುದನ್ನು ಬೇರ್ಪಡಿಸದೆ ಕೊಡುವ ತೀರ್ಪು ಅಪೂರ್ಣವೇ ಸರಿ.

ಎರಡನೆಯ ಪ್ರಶ್ನೆ ಅವಧಿಗೆ ಸಂಬಂಧಿಸಿದ್ದು. 78 ಸುತ್ತಿನ ಮುದ್ರಿಕೆಯ ಒಂದು ಬದಿಯಲ್ಲಿ ದೊರೆಯುತ್ತಿದ್ದುದು ಮೂರು, ಮೂರೂವರೆ ನಿಮಿಷ ಮಾತ್ರ. ಮುಂಬಯಿಯಲ್ಲಿ ಮಂಜಿ ಖಾನರಿಂದ ಜೈಪುರ ಘರಾಣೆಯ ಶಿಕ್ಷಣ ಪಡೆದ ಮಲ್ಲಿಕಾರ್ಜುನ ಮನ್ಸೂರರ ಗಾಯನದಂಥ ನಿಡಿದಾದ, ಹೆಣೆದುಕೊಂಡು ಸಾಗುವ ಕ್ರಮಕ್ಕೆ ಅದು ಎಳ್ಳಷ್ಟೂ ಸಾಲದು. ಬದಿಯೊಂದಕ್ಕೆ ಸುಮಾರು ಇಪ್ಪತ್ತು ನಿಮಿಷ ಒದಗಿಸಿದ ದೀರ್ಘಾವಧಿ ಮುದ್ರಿಕೆಗಳು ಬಂದ ಮೇಲೆಯೇ ರಾಗದ ಬೆಳವಣಿಗೆಗೆ ಸ್ಥಳ ದೊರೆಯಿತು. ಆದುದರಿಂದ ಹಳೆಯ ಮುದ್ರಿಕೆಯ ಅಡಕವನ್ನು ಗಾಯಕರ ಶೈಲಿಯೆಂದೇ ಭಾವಿಸುವುದು ಸಲ್ಲದು.

1972ರ ಅಕ್ಟೋಬರ್ 2ರಂದು ಮುಂಬಯಿ ದೂರದರ್ಶನ ಕೇಂದ್ರ ಆರಂಭವಾದಾಗ ಸಮಸ್ಯೆ ಬೇರೊಂದು ರೂಪ ತಳೆಯಿತು. ಮನೆಯ ಪೆಟ್ಟಿಗೆಯ ಚಿಕ್ಕ ಧ್ವನಿವರ್ಧಕದಲ್ಲಿ ತಂಬೂರಿಯ ಖರಜದ ತಂತಿ ಕ್ಷೀಣಿಸುತ್ತದೆ. ಗಾಯಕರ ಮುಖಭಾವ, ಹಸ್ತಚಲನೆಗಳು ಮುಂದೆ ಬರುತ್ತವೆ. ಕಿವಿ ಕಳೆದುಕೊಂಡುದನ್ನು ಕಣ್ಣು ತುಂಬಿಕೊಳ್ಳುತ್ತದೆ. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಪ್ರಸಾರವಾದ 'ಮಿಲೇ ಸುರ್ ಮೇರಾ ತುಮ್ಹಾರಾ' ಭೀಮಸೇನ ಜೋಶಿಯವರ ದನಿಯಿಂದ ತೊಡಗುತ್ತದೆ. ಮುಂಬಯಿಯ ಅಶೋಕ ಪತ್ಕಿ ಸಂಯೋಜಿಸಿದ ಈ ಗೀತೆಯಲ್ಲಿ ಹಲವು ಭಾಷೆಗಳ ಹಲವು ಕಂಠಗಳು ಒಂದಾಗುತ್ತವೆ. ಆ ಐಕ್ಯ ವೇದಿಕೆಯಲ್ಲಿ ಘಟಿಸಿದ್ದಲ್ಲ. ಮುದ್ರಿಸಿ, ಬೆಸೆದು ಕಟ್ಟಿದ್ದು. ವಿಲಂಬಿತ ಖ್ಯಾಲಿನ ಗಾಯಕರು ದೇಶಕ್ಕೆಲ್ಲ ಪರಿಚಿತರಾದದ್ದು ಹೀಗೆ ಕೆಲವೇ ಸ್ವರವಾಕ್ಯಗಳ ಮೂಲಕ ಎಂಬುದು ವಿಚಾರಾರ್ಹ.

ಈ ಕಾರ್ಯ ನಡೆಸಿದವರ ಹೆಸರುಗಳೆಲ್ಲಿ? ಚಲನಚಿತ್ರ ಕ್ಷೇತ್ರ ಈ ವಿಷಯದಲ್ಲಿ ಹೆಚ್ಚು ಉದಾರವಾಗಿದೆ. ಮಿನೂ ಕಾತ್ರಕ್ ಅವರ ಹೆಸರನ್ನೂ, ರಾಜಕಮಲ ಕಲಾಮಂದಿರದ ಮಂಗೇಶ ದೇಸಾಯಿಯವರ ಹೆಸರನ್ನೂ ಚಿತ್ರಗಳ ಶೀರ್ಷಿಕೆಗಳಲ್ಲಿ ಓದಬಹುದು. 78 ಸುತ್ತಿನ ಮುದ್ರಿಕೆಯ ಹಣೆಪಟ್ಟಿಯಲ್ಲಿ ರಾಗ, ಗಾಯಕ, ಕ್ರಮಸಂಖ್ಯೆಗಳಿರುತ್ತವೆ. ಮೈಕ್ರೊಫೋನನ್ನು ಎಷ್ಟು ದೂರ ಇಡಬೇಕು, ತಬಲಾ ಎಲ್ಲಿ ತಗ್ಗಬೇಕು ಎಂದು ನಿರ್ಧರಿಸಿದವನ ಹೆಸರಿರುವುದಿಲ್ಲ. ಸ್ವತಃ ಗಾಯಕರಾಗಿದ್ದು ಮುಂಬಯಿಯ ಗ್ರಾಮಫೋನ್ ಸಂಸ್ಥೆಯಲ್ಲಿ ಅನೇಕ ವರ್ಷ ದುಡಿದ ಜಿ.ಎನ್. ಜೋಶಿಯವರ 'ಡೌನ್ ಮೆಲೊಡಿ ಲೇನ್' (1984) ಇಂಥ ಒಳನೋಟಗಳಿಗೆ ಆಕರವಾಗಬಲ್ಲ ಸ್ಮೃತಿಗ್ರಂಥ.

ಈ ಹಿನ್ನೆಲೆಯಲ್ಲಿ ಎರಡು ಕೆಲಸಗಳು ತುರ್ತಾಗಿ ಆಗಬೇಕಾಗಿವೆ. ಧ್ವನಿಮುದ್ರಿಕೆಯನ್ನು ಆಧಾರವಾಗಿಟ್ಟು ಬರೆಯುವವರು ಅದರ ವರ್ಷ, ಅವಧಿ, ಮುದ್ರಣವಿಧಾನಗಳನ್ನು ಪಠ್ಯಸಂಪಾದಕರು ಹಸ್ತಪ್ರತಿಯ ವಿವರ ಕೊಡುವಂತೆ ದಾಖಲಿಸಬೇಕು. ಮುಂಬಯಿಯಲ್ಲಿ ಕಾಂತಪಟ್ಟಿಯ ಕಾಲದಲ್ಲಿ ದುಡಿದ ಹಿರಿಯ ತಂತ್ರಜ್ಞರ ಅನುಭವಗಳನ್ನು ಬರೆದಿಟ್ಟುಕೊಳ್ಳಬೇಕು. ಪಟ್ಟಿಯ ಮೇಲಿನ ಲೇಪ ವರ್ಷದಿಂದ ವರ್ಷಕ್ಕೆ ಉದುರುತ್ತಿದೆ. ಅದನ್ನು ಮುದ್ರಿಸಿದವರೂ ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ.